ಊರ ಹೊರಗೆ ಇಬ್ಬರು: ಥೋರೋನ ಕೊಳ, ನಮ್ಮ ಕೆರೆ

1

ವಿಜಯನಗರದ ಮಾರೇನಹಳ್ಳಿಯಲ್ಲಿ ಹಳ್ಳಿ ಅನ್ನುವುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಅಲ್ಲಿನ ಒಂದು ಬಾಡಿಗೆ ರೂಮಿನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಎಂ.ಎ. ಓದುವ ನಾಲ್ಕೈದು ಮಕ್ಕಳು ಸೇರುತ್ತಾರೆ. ಹೆಚ್ಚಿನವರು ಹಾಸ್ಟೆಲ್ಲಿನವರು, ಹಳ್ಳಿಗಾಡಿನ ದಲಿತ ಕೇರಿಗಳಿಂದ ಬಂದವರು. ಅಮೆರಿಕನ್ ಸಾಹಿತ್ಯದ ಪತ್ರಿಕೆ ಅವರಿಗೆ ಕಬ್ಬಿಣದ ಕಡಲೆ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಒಂದು ಭಾನುವಾರ ಹೆನ್ರಿ ಡೇವಿಡ್ ಥೋರೋನ 'ವಾಲ್ಡನ್' ಬಗ್ಗೆ ಹೇಳುತ್ತಿದ್ದೆ. ಅವನು ಊರು ಬಿಟ್ಟು ಕೊಳದ ದಂಡೆಗೆ ಹೋದದ್ದು, ಸ್ನೇಹಿತನ ಜಮೀನಿನಲ್ಲಿ ತನ್ನ ಕೈಯಾರೆ ಗುಡಿಸಲು ಕಟ್ಟಿದ್ದು, ಒಬ್ಬನೇ ಇದ್ದದ್ದು. ಆಗ ಮಾಗಡಿ ಕಡೆಯ ಒಬ್ಬ ಹುಡುಗ ಕೇಳಿದ:

"ಸಾರ್, ಈವಯ್ಯ ಕೊಳದ ಪಕ್ಕ ಬೇರೆಯವರ ಜಮೀನಲ್ಲಿ ಗುಡ್ಲು ಹಾಕ್ಕೊಂಡ್ರೆ ಫಿಲಾಸಫಿ ಅಂತ ಹದಿನೈದು ಮಾರ್ಕಿಗೆ ಕೇಳ್ತಾರೆ. ನಮ್ಮಪ್ಪ ಕೆರೆ ಅಂಗಳದಲ್ಲಿ ಗುಡ್ಲು ಹಾಕಿದ್ರೆ ಒತ್ತುವರಿ ಅಂತ ಜೆಸಿಬಿ ತರ್ತಾರೆ. ಇದ್ಯಾಕೆ ಸಾರ್ ಹಿಂಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ತಮಾಷೆಗೆ ಕೇಳಿರಲಿಲ್ಲ. ನನ್ನ ಹತ್ತಿರ ಆ ದಿನ ಉತ್ತರವೂ ಇರಲಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡು ಎಮರ್ಸನ್, ಥೋರೋ ಇಬ್ಬರನ್ನೂ ಮತ್ತೆ ಓದಿದ ಮೇಲೆ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

2

ಬಯ್ಯುವುದಕ್ಕೆ ಮುಂಚೆ ಅವರು ಹೇಳಿದ್ದೇನು ಅಂತ ಸರಿಯಾಗಿ ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳದೆ ತೀರ್ಪು ಕೊಡುವವರಿಂದ ಆಗುವ ಅನ್ಯಾಯ ಎಂಥದ್ದು ಅನ್ನುವುದು ನಮಗೆ ಚೆನ್ನಾಗಿ ಗೊತ್ತು.

ರಾಲ್ಫ್ ವಾಲ್ಡೋ ಎಮರ್ಸನ್ (1803–1882) ಪಾದ್ರಿಗಳ ಮನೆತನದವನು. ಬಾಸ್ಟನ್ನಿನಲ್ಲಿ ತಾನೂ ಪಾದ್ರಿಯಾಗಿದ್ದ. ಪ್ರಭುಭೋಜನದ ಸಂಸ್ಕಾರವನ್ನು ನಂಬಿಕೆಯಿಲ್ಲದೆ ನಡೆಸಲಾರೆ ಅಂತ 1832ರಲ್ಲಿ ಆ ಕೆಲಸ ಬಿಟ್ಟ. 1836ರಲ್ಲಿ 'ನೇಚರ್' ಎಂಬ ಚಿಕ್ಕ ಪುಸ್ತಕ ತಂದ. ಅದೇ ವರ್ಷ ಅವನೂ ಅವನ ಗೆಳೆಯರೂ ಕೂಡಿ ಚರ್ಚೆ ಮಾಡುವ ಒಂದು ಕೂಟ ಶುರುವಾಯಿತು. ಅವರ ವಿಚಾರಕ್ಕೆ ಟ್ರಾನ್ಸೆಂಡೆಂಟಲಿಸಂ ಅಂತ ಹೆಸರು ಬಂತು. ಕನ್ನಡದಲ್ಲಿ ಅತೀತವಾದ ಅನ್ನಬಹುದು. ಹೆಸರಿನ ಮೂಲ ಜರ್ಮನಿಯ ಕಾಂಟ್. ಅದು ಇವರ ಕೈಗೆ ಬಂದದ್ದು ಹೆಚ್ಚಾಗಿ ಇಂಗ್ಲೆಂಡಿನ ಕೋಲ್‌ರಿಜ್‌ನ ಮೂಲಕ.

ಇದರ ತಿರುಳನ್ನು ಮೂರು ಮಾತಿನಲ್ಲಿ ಹೇಳಬಹುದು. ಒಂದು, ಕಣ್ಣು ಕಿವಿ ಕೊಡುವ ತಿಳುವಳಿಕೆಯನ್ನು ಮೀರಿದ ಸತ್ಯವೊಂದಿದೆ. ಅದನ್ನು ಪ್ರತಿಯೊಬ್ಬ ಮನುಷ್ಯನೂ ನೇರವಾಗಿ ಕಾಣಬಲ್ಲ. ನಡುವೆ ಪಾದ್ರಿ, ಗ್ರಂಥ, ಪವಾಡ ಯಾವುದೂ ಬೇಕಿಲ್ಲ. ಎರಡು, ನಿಸರ್ಗ ಅಂದರೆ ಬರೀ ಮರಗಿಡ ಅಲ್ಲ. ಅದು ಆತ್ಮದ ಭಾಷೆ. ಕಾಡಿನಲ್ಲಿ ಒಬ್ಬನೇ ನಿಂತವನಿಗೆ ತಾನು ಬೇರೆ, ಸೃಷ್ಟಿ ಬೇರೆ ಅನ್ನುವ ಗೆರೆ ಅಳಿಸಿಹೋಗುತ್ತದೆ. ಮೂರು, ಎಲ್ಲರೊಳಗೂ ಹರಿಯುವ ಚೈತನ್ಯ ಒಂದೇ ಆದ್ದರಿಂದ ತನ್ನನ್ನು ತಾನು ನಂಬುವುದೇ ದೊಡ್ಡ ಭಕ್ತಿ. ನಾಲ್ಕು ಜನ ಏನಂತಾರೆ ಅಂತ ಬದುಕುವವನು ಮನುಷ್ಯನೇ ಅಲ್ಲ. ಈ ಮೂರನೆಯ ಮಾತು 1841ರಲ್ಲಿ ಬಂದ 'ಸೆಲ್ಫ್ ರಿಲಯನ್ಸ್' ಎಂಬ ಪ್ರಬಂಧದ ಜೀವಾಳ. ಅದನ್ನೇ ನಾವು ಸ್ವಾವಲಂಬನೆ ಅನ್ನುತ್ತೇವೆ.

ಇದರ ಬಲವನ್ನು ಕಡೆಗಣಿಸಬಾರದು. 1837ರಲ್ಲಿ ಎಮರ್ಸನ್ ಹಾರ್ವರ್ಡಿನ ವಿದ್ವಾಂಸರ ಮುಂದೆ ನಿಂತು ಯುರೋಪಿನ ಪುಸ್ತಕಗಳ ಎಂಜಲು ಸಾಕು, ನಮ್ಮ ಬೀದಿಯ, ನಮ್ಮ ಅಡುಗೆಮನೆಯ ಬದುಕಿನಿಂದಲೇ ವಿಚಾರ ಹುಟ್ಟಬೇಕು ಎಂಬ ಅರ್ಥದಲ್ಲಿ ಮಾತಾಡಿದ. ಮುಂದಿನ ವರ್ಷ ಅಲ್ಲಿನ ದೇವಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಚರ್ಚಿನ ವಿರುದ್ಧವೇ ಮಾತಾಡಿದ್ದಕ್ಕೆ ಸುಮಾರು ಮೂವತ್ತು ವರ್ಷ ಹಾರ್ವರ್ಡ್ ಅವನನ್ನು ಮತ್ತೆ ಕರೆಯಲಿಲ್ಲ. ನಮಗೆ 1973ರ ನವೆಂಬರ್ ನೆನಪಾಗುತ್ತದೆ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂತ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಹೇಳಿದರು. ಅದೂ ಒಂದು ಅರ್ಥದಲ್ಲಿ ಎಮರ್ಸನ್ ಹೇಳಿದ ಮಾತೇ: ನಮ್ಮ ಬದುಕು ಇಲ್ಲದ ಪುಸ್ತಕ ನಮ್ಮದಲ್ಲ. ಆದರೆ ಎಮರ್ಸನ್‌ಗೆ ಸಿಕ್ಕ ಶಿಕ್ಷೆ ಒಂದು ಕಾಲೇಜಿನ ಬಾಗಿಲು ಮುಚ್ಚಿದ್ದು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು, ರಾಜ್ಯದ ಉದ್ದಗಲಕ್ಕೂ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ನಾಲ್ಕು ಜನರ ಮಾತನ್ನು ಲೆಕ್ಕಿಸಬೇಡ ಅನ್ನುವ ಬೋಧನೆಗೆ ಎಲ್ಲರೂ ಕೊಡುವ ಬೆಲೆ ಒಂದೇ ಅಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

3

ಎಮರ್ಸನ್ ಬರೆದದ್ದನ್ನು ಥೋರೋ (1817–1862) ಮಾಡಿ ನೋಡಿದ. 1845ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಅವನು ಕಾನ್ಕಾರ್ಡ್ ಊರಿನ ಹೊರಗಿನ ವಾಲ್ಡನ್ ಕೊಳದ ದಂಡೆಯ ಮನೆಗೆ ಹೋದ. ಜಮೀನು ಎಮರ್ಸನ್‌ನದು. 1847ರ ಸೆಪ್ಟೆಂಬರ್ 6ರವರೆಗೆ ಅಲ್ಲಿದ್ದ. ಮನೆ ಕಟ್ಟಲು ತಗುಲಿದ್ದು 28 ಡಾಲರ್ 12½ ಸೆಂಟ್ ಅಂತ ಲೆಕ್ಕ ಬರೆದಿಟ್ಟ. ಎರಡೂವರೆ ಎಕರೆಯಷ್ಟು ನೆಲದಲ್ಲಿ ಮುಖ್ಯವಾಗಿ ಹುರುಳಿಕಾಯಿ ಬೆಳೆದ. ಬದುಕಲು ನಿಜವಾಗಿ ಎಷ್ಟು ಬೇಕು, ಉಳಿದದ್ದೆಲ್ಲ ಯಾರ ಮೆಚ್ಚುಗೆಗೆ ಅನ್ನುವುದು ಅವನ ಹುಡುಕಾಟ. 1854ರಲ್ಲಿ ಬಂದ 'ವಾಲ್ಡನ್' ಈ ಹುಡುಕಾಟದ ಪುಸ್ತಕ.

ಆ ಮನೆಯ ಹಲಗೆಗಳು ಎಲ್ಲಿಂದ ಬಂದವು ಅನ್ನುವುದನ್ನೂ ಥೋರೋನೇ ಹೇಳಿದ್ದಾನೆ. ರೈಲು ಹಾದಿಯಲ್ಲಿ ಕೂಲಿ ಮಾಡುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಮನುಷ್ಯನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಹಲಗೆಗಳನ್ನು ಗಾಡಿಯಲ್ಲಿ ಸಾಗಿಸಿದ. ಬೆಳಿಗ್ಗೆ ಐದಕ್ಕೆ ಆ ಸಂಸಾರ ಜಾಗ ಖಾಲಿ ಮಾಡಬೇಕು ಅನ್ನುವುದು ಒಪ್ಪಂದ. ಆರು ಗಂಟೆಗೆ ದಾರಿಯಲ್ಲಿ ಅವರು ಎದುರಾದರು; ಇದ್ದಬದ್ದದ್ದೆಲ್ಲ ಒಂದೇ ಗಂಟಿನಲ್ಲಿತ್ತು. ಸ್ವಾವಲಂಬನೆಯ ಮನೆ ಎದ್ದದ್ದು ಇನ್ನೊಬ್ಬರು ಖಾಲಿ ಮಾಡಿದ ಮನೆಯಿಂದ. ಥೋರೋ ಇದನ್ನು ಮುಚ್ಚಿಡಲಿಲ್ಲ, ಆದರೆ ಅಲ್ಲಿ ನಿಲ್ಲಲೂ ಇಲ್ಲ.

ಥೋರೋ ಕೊಳಕ್ಕೆ ಹೋದ ಅದೇ 1845ರಲ್ಲಿ, ಎರಡು ತಿಂಗಳು ಮುಂಚೆ, ಇನ್ನೊಂದು ಪುಸ್ತಕ ಬಂದಿತ್ತು. ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಾಸ್‌ನ ಆತ್ಮಕಥೆ. ಡಗ್ಲಾಸ್‌ಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ಬೀದಿಯ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಅಕ್ಷರ ಕಲಿತ. ಬಾಲ್ಟಿಮೋರಿನ ಹಡಗುಕಟ್ಟೆಯಲ್ಲಿ ದುಡಿದ ಕೂಲಿಯನ್ನು ಒಡೆಯನ ಕೈಗೆ ಹಾಕಬೇಕಿತ್ತು. ಥೋರೋ ತನ್ನ ದುಡಿಮೆಯ ಲೆಕ್ಕವನ್ನು ಸೆಂಟಿನವರೆಗೆ ಬರೆಯಬಲ್ಲವನಾಗಿದ್ದ, ಯಾಕೆಂದರೆ ಆ ದುಡಿಮೆ ಅವನದಾಗಿತ್ತು. ಡಗ್ಲಾಸ್‌ನ ಮೈಯೇ ಅವನದಾಗಿರಲಿಲ್ಲ. ನಿನ್ನನ್ನು ನೀನು ನಂಬು ಅಂತ ಎಮರ್ಸನ್ ಹೇಳುವಾಗ 'ನೀನು' ಎಂಬುದೊಂದು ಆಗಲೇ ಇದೆ ಅಂತ ಇಟ್ಟುಕೊಂಡೇ ಹೇಳುತ್ತಾನೆ. ಡಗ್ಲಾಸ್ ಅದನ್ನು ಮೊದಲು ಸಂಪಾದಿಸಬೇಕಿತ್ತು. 1859ರಿಂದ ಅವನು 'ತನ್ನನ್ನು ತಾನೇ ರೂಪಿಸಿಕೊಂಡವರು' ಎಂಬ ವಿಷಯದ ಮೇಲೆ ಮತ್ತೆ ಮತ್ತೆ ಭಾಷಣ ಮಾಡಿದ. ನಿಜವಾಗಿ ಹಾಗೆ ಯಾರೂ ಇಲ್ಲ, ಎಲ್ಲರೂ ಇತರರ ಋಣದಲ್ಲಿ ಇದ್ದೇವೆ ಎಂದು ಆ ಭಾಷಣದಲ್ಲೇ ಒಪ್ಪಿಕೊಂಡ. ಎಮರ್ಸನ್‌ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಇನ್ನೊಂದಿಲ್ಲ.

4

ಈಗ ನಮಗೆ ಹೆಚ್ಚು ಹತ್ತಿರದ, ಹೆಚ್ಚು ನೋಯುವ ಜಾಗಕ್ಕೆ ಬರೋಣ.

ಈ ಗೆಳೆಯರು ನಡೆಸುತ್ತಿದ್ದ ಪತ್ರಿಕೆಯ ಹೆಸರು 'ಡಯಲ್'. 1840ರಿಂದ 1844ರವರೆಗೆ ನಡೆಯಿತು. ಮೊದಲು ಮಾರ್ಗರೆಟ್ ಫುಲ್ಲರ್, ಆಮೇಲೆ ಎಮರ್ಸನ್ ಸಂಪಾದಕರು. 1843ರ ಜನವರಿ ಸಂಚಿಕೆಯಲ್ಲಿ ಥೋರೋ ಆಯ್ದುಕೊಟ್ಟ ಕೆಲವು ಪುಟಗಳು ಅಚ್ಚಾದವು. ಅವು ಮನುವಿನ ಧರ್ಮಶಾಸ್ತ್ರದಿಂದ ಆರಿಸಿದ ಮಾತುಗಳು. ಕಲ್ಕತ್ತದಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಮಾಡಿದ್ದ ಅನುವಾದ 1794ರಲ್ಲಿ ಪ್ರಕಟವಾಗಿತ್ತು. ಎಮರ್ಸನ್‌ನ ಮನೆಯ ಪುಸ್ತಕಗಳ ನಡುವೆ ಥೋರೋ ಅದನ್ನು ಓದಿದ್ದ. 1849ರಲ್ಲಿ ಬಂದ ತನ್ನ ಮೊದಲ ಪುಸ್ತಕದಲ್ಲೂ ಅದನ್ನು ಮನಸಾರೆ ಹೊಗಳಿದ. ಗೀತೆ, ವಿಷ್ಣುಪುರಾಣಗಳ ಜೊತೆ ಮನುವೂ ಈ ಅಮೆರಿಕನ್ನರಿಗೆ ಪೂರ್ವದ ಬೆಳಕಾಗಿ ಕಂಡ.

ಅವನ ಕಣ್ಣು ನಿಂತದ್ದು ಸಂಯಮ, ಶುದ್ಧಿ, ಧ್ಯಾನ, ಏಕಾಂತದ ಮಾತುಗಳ ಮೇಲೆ. ಮನುವಿನ ಆರನೆಯ ಅಧ್ಯಾಯದಲ್ಲಿ ಮನೆ ಮಠ ಬಿಟ್ಟು ಕಾಡಿಗೆ ಹೋಗುವ ವಾನಪ್ರಸ್ಥನಿದ್ದಾನೆ. ಗೆಡ್ಡೆಗೆಣಸು ತಿಂದು, ಮರದ ಬುಡದಲ್ಲಿ ಮಲಗಿ, ಯಾರ ಹಂಗೂ ಇಲ್ಲದೆ ಇರುವವನು. ಊರ ಹೊರಗೆ ಹೋಗಬೇಕು ಅಂತ ತುಡಿಯುತ್ತಿದ್ದ ಹುಡುಗನಿಗೆ ಅವನು ಅಣ್ಣನ ಹಾಗೆ ಕಂಡಿದ್ದರೆ ತಪ್ಪೇನಿಲ್ಲ.

ಆದರೆ ಮನುವಿನ ಪುಸ್ತಕದಲ್ಲಿ ಊರ ಹೊರಗೆ ಇರುವವನು ಅವನೊಬ್ಬನೇ ಅಲ್ಲ. ಹತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬನಿದ್ದಾನೆ. ಚಾಂಡಾಲನ ವಾಸ ಊರ ಹೊರಗೆ, ಅವನ ಮೈಮೇಲೆ ಹೆಣದ ಬಟ್ಟೆ, ಊಟಕ್ಕೆ ಒಡೆದ ಮಡಕೆ, ರಾತ್ರಿ ಹೊತ್ತು ಊರಿನಲ್ಲಿ ತಿರುಗುವ ಹಾಗಿಲ್ಲ ಅಂತ ವಿಧಿಸಿದೆ. ಊರ ಹೊರಗೆ ಇಬ್ಬರು. ಒಬ್ಬ ತಾನಾಗಿ ಹೋದವನು. ಅವನ ಹಿಂದೆ ಮನೆಯಿದೆ, ಮಕ್ಕಳಿದ್ದಾರೆ, ಗೌರವವಿದೆ, ಬಿಡುವುದಕ್ಕೆ ಆಸ್ತಿಯಿದೆ. ಇನ್ನೊಬ್ಬನನ್ನು ಹೊರಗೆ ಹಾಕಲಾಗಿದೆ. ಅವನಿಗೆ ಬಿಡುವುದಕ್ಕೆ ಏನೂ ಇಲ್ಲ. ಒಬ್ಬನ ಏಕಾಂತ ತಪಸ್ಸು. ಇನ್ನೊಬ್ಬನ ಏಕಾಂತ ಬಹಿಷ್ಕಾರ. ಒಂದೇ ಪುಸ್ತಕ, ಒಂದೇ ಕಾಡು, ಬೇರೆ ಬೇರೆ ಅಧ್ಯಾಯ.

ಥೋರೋ ಆರನೆಯ ಅಧ್ಯಾಯದ ಓದುಗ. ಅಂಬೇಡ್ಕರ್ ಹತ್ತನೆಯ ಅಧ್ಯಾಯದ ಕಡೆಯಿಂದ ಬಂದ ಓದುಗರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟಾಗ ಅವರ ಜೊತೆಗಿದ್ದವರು ಆ ಅಧ್ಯಾಯವನ್ನು ಅಕ್ಷರದಲ್ಲಿ ಓದದೆ ಬದುಕಿನಲ್ಲಿ ಓದಿದವರು. ಹಾಗಂತ ಥೋರೋನನ್ನು ಬ್ರಾಹ್ಮಣವಾದಿ ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭದ ವಿಮರ್ಶೆ. ಅವನ ಪುಸ್ತಕದಲ್ಲೇ ಇದಕ್ಕೆ ಎದುರುಮಾತು ಇದೆ.

5

'ವಾಲ್ಡನ್' ಪುಸ್ತಕದಲ್ಲಿ, ಅವಸರದಲ್ಲಿ ಓದುವವರು ದಾಟಿ ಹೋಗುವ, ಒಂದು ಅಧ್ಯಾಯವಿದೆ. ಚಳಿಗಾಲದ ರಾತ್ರಿ ಮಾತಾಡಲು ಯಾರೂ ಇಲ್ಲದಾಗ ಥೋರೋ ಆ ಕಾಡಿನಲ್ಲಿ ಹಿಂದೆ ಇದ್ದವರನ್ನು ನೆನೆಯುತ್ತಾನೆ. ಕೇಟೋ ಇಂಗ್ರಹಾಮ್: ಕಾನ್ಕಾರ್ಡಿನ ದೊಡ್ಡ ಮನುಷ್ಯನೊಬ್ಬನ ಗುಲಾಮನಾಗಿದ್ದವನು, ಒಡೆಯನ ಅಪ್ಪಣೆಯಿಂದ ಕಾಡಿನಲ್ಲಿ ಮನೆ ಮಾಡಿಕೊಂಡಿದ್ದ. ಝಿಲ್ಫಾ: ಕಪ್ಪು ಹೆಂಗಸು, ಒಬ್ಬಳೇ ಪುಟ್ಟ ಮನೆಯಲ್ಲಿ ನಾರು ನೂಲುತ್ತಾ, ಕಾಡು ಮೊಳಗುವ ಹಾಗೆ ಹಾಡುತ್ತಿದ್ದಳು. ಬ್ರಿಸ್ಟರ್ ಫ್ರೀಮನ್: ಇವನೂ ಗುಲಾಮನಾಗಿದ್ದವನು, ಅವನು ನೆಟ್ಟ ಸೇಬಿನ ಮರಗಳು ಥೋರೋನ ಕಾಲಕ್ಕೂ ಇದ್ದವು. 1812ರ ಯುದ್ಧದ ಕಾಲದಲ್ಲಿ ಝಿಲ್ಫಾ ಇಲ್ಲದಾಗ ಸೆರೆಸಿಕ್ಕ ಇಂಗ್ಲಿಷ್ ಸಿಪಾಯಿಗಳು ಅವಳ ಮನೆಗೆ ಬೆಂಕಿ ಇಟ್ಟರು. ಅವಳ ಬೆಕ್ಕು, ನಾಯಿ, ಕೋಳಿ ಎಲ್ಲ ಸುಟ್ಟುಹೋದವು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವನನ್ನು ಬಲ್ಲವರಿಗೆ ಝಿಲ್ಫಾಳ ಕೋಳಿ ಸಣ್ಣ ವಿಷಯ ಅಲ್ಲ.

ಇವರೆಲ್ಲ ಆ ಕಾಡಿಗೆ ಯಾಕೆ ಬಂದರು? ಮ್ಯಾಸಚುಸೆಟ್ಸ್ ರಾಜ್ಯದಲ್ಲಿ 1780ರ ದಶಕದಲ್ಲಿ ಕೋರ್ಟಿನ ತೀರ್ಪುಗಳಿಂದ ಗುಲಾಮಗಿರಿ ಕಾನೂನಿನ ಬೆಂಬಲ ಕಳೆದುಕೊಂಡಿತು. ಬಿಡುಗಡೆಯಾದವರಿಗೆ ಜಮೀನು ಕೊಡಲಿಲ್ಲ. ಊರಿನೊಳಗೆ ಜಾಗ ಇರಲಿಲ್ಲ. ವಾಲ್ಡನ್ ಕಾಡಿನ ಮರಳು ನೆಲದಲ್ಲಿ ಬೆಳೆ ಸರಿಯಾಗಿ ಬರುತ್ತಿರಲಿಲ್ಲ. ಯಾರಿಗೂ ಬೇಡವಾದ ಜಾಗವಾದ್ದರಿಂದ ಅಲ್ಲಿ ಇರಲು ಬಿಟ್ಟರು. ಎಲೀಸ್ ಲೆಮೈರ್ 2009ರಲ್ಲಿ ಪ್ರಕಟಿಸಿದ 'ಬ್ಲ್ಯಾಕ್ ವಾಲ್ಡನ್' ಎಂಬ ಪುಸ್ತಕ ಈ ಚರಿತ್ರೆಯನ್ನು ದಾಖಲೆಗಳ ಸಮೇತ ಬಿಡಿಸಿ ಹೇಳಿದೆ. ಇಂದು ಲೋಕವೆಲ್ಲ ನಿಸರ್ಗದ ಯಾತ್ರಾಸ್ಥಳ ಅಂತ ನೋಡಲು ಹೋಗುವ ಜಾಗ ಒಂದು ಕಾಲದಲ್ಲಿ ಕಾನ್ಕಾರ್ಡಿನ ಕೇರಿಯಾಗಿತ್ತು.

ಥೋರೋ ಬಂದದ್ದು ಕೇರಿ ಖಾಲಿಯಾದ ಮೇಲೆ. ಅವನ ನಿಶ್ಶಬ್ದಕ್ಕೆ ಒಂದು ಕಾರಣ ಅವರ ಗೈರುಹಾಜರಿ. ಅವರನ್ನು ಅವನು ಅರ್ಧ ಕನಿಕರ, ಅರ್ಧ ತಮಾಷೆಯಲ್ಲಿ ನೆನೆಯುತ್ತಾನೆ ಅನ್ನುವುದೂ ನಿಜ. ಆದರೂ ಹೆಸರು ಹಿಡಿದು ಬರೆದ. ನೆಲದಲ್ಲಿ ಉಳಿದ ನೆಲಮಾಳಿಗೆಯ ಗುಂಡಿಗಳನ್ನು ತೋರಿಸಿದ. ಕಾನ್ಕಾರ್ಡ್ ಉಳಿದು ಈ ಪುಟ್ಟ ಊರು ಯಾಕೆ ಅಳಿಯಿತು ಅಂತ ಕೇಳಿದ. ಗುಲಾಮಗಿರಿಯನ್ನು ಪೊರೆಯುವ ಸರ್ಕಾರಕ್ಕೆ ತೆರಿಗೆ ಕಟ್ಟುವುದಿಲ್ಲ ಅಂತ 1846ರ ಜುಲೈನಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದ. ಅವನ ಮನೆಯವರು ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಸರೆ ಕೊಟ್ಟರು. 1859ರಲ್ಲಿ ಜಾನ್ ಬ್ರೌನ್ ಗುಲಾಮರ ಬಿಡುಗಡೆಗಾಗಿ ಆಯುಧ ಹಿಡಿದು ಸಿಕ್ಕಿಬಿದ್ದಾಗ ಅವನ ಪರವಾಗಿ ಬಹಿರಂಗವಾಗಿ ಮಾತಾಡಿದ. ಮನುವಿನ ಹತ್ತನೆಯ ಅಧ್ಯಾಯವನ್ನು ಅವನು ಪುಸ್ತಕದಲ್ಲಿ ಗಮನಿಸಲಿಲ್ಲ. ತನ್ನ ಕಾಡಿನಲ್ಲಿ ಮಾತ್ರ ಅದರ ಗುರುತು ಕಂಡ. ನಮ್ಮ ಎಷ್ಟು ಜನ ನಿಸರ್ಗ ಕವಿಗಳು ತಾವು ಬಣ್ಣಿಸಿದ ತೋಪಿನ ಆಚೆ ಯಾರಿದ್ದರು ಅಂತ ಹೆಸರು ಹಿಡಿದು ಬರೆದಿದ್ದಾರೆ?

6

ನೀರಿನ ವಿಷಯಕ್ಕೆ ಬರೋಣ, ಯಾಕೆಂದರೆ ನಿಸರ್ಗ ಅನ್ನುವ ಮಾತು ನಮಗೆ ಮೊದಲು ತಾಗುವುದು ಅಲ್ಲಿ.

1846–47ರ ಚಳಿಗಾಲದಲ್ಲಿ ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ವ್ಯಾಪಾರಕ್ಕೆ ಕೊಯ್ದರು. ನ್ಯೂ ಇಂಗ್ಲೆಂಡಿನ ಮಂಜುಗಡ್ಡೆ 1833ರಿಂದಲೇ ಹಡಗಿನಲ್ಲಿ ಕಲ್ಕತ್ತಕ್ಕೆ ಬರುತ್ತಿತ್ತು. ಥೋರೋಗೆ ಖುಷಿ: ಮದ್ರಾಸು, ಬೊಂಬಾಯಿ, ಕಲ್ಕತ್ತದ ಜನ ತನ್ನ ಬಾವಿಯಿಂದ ಕುಡಿಯುತ್ತಾರೆ, ವಾಲ್ಡನ್ ನೀರು ಗಂಗೆಯಲ್ಲಿ ಬೆರೆಯುತ್ತದೆ ಅಂತ ಕಲ್ಪಿಸಿಕೊಂಡ. ಸುಂದರ ಕಲ್ಪನೆ. ಆದರೆ ಆ ಮದ್ರಾಸಿನಲ್ಲಿ, ಆ ಬೊಂಬಾಯಿಯಲ್ಲಿ ಒಂದೇ ಬಾವಿಯಿಂದ ಎಲ್ಲರೂ ಕುಡಿಯುವ ಹಾಗಿರಲಿಲ್ಲ ಅನ್ನುವುದು ಅವನ ಕಲ್ಪನೆಗೆ ಬರಲಿಲ್ಲ. ಇದಾಗಿ ಎಂಬತ್ತು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಮೊದಲೇ ಠರಾವು ಮಾಡಿತ್ತು. ಕಾಗದದಲ್ಲಿ ತೆರೆದ ಕೆರೆ ನೆಲದ ಮೇಲೆ ಮುಚ್ಚೇ ಇತ್ತು. ಅವರು ಕುಡಿದ ಮೇಲೆ ಸವರ್ಣೀಯರು ಅದನ್ನು 'ಶುದ್ಧಿ' ಮಾಡಿದರು. ಬೊಂಬಾಯಿ ಹೈಕೋರ್ಟು ಅಸ್ಪೃಶ್ಯರ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. ಥೋರೋ ಬೆಳಗಿನ ಹೊತ್ತು ಕೊಳದಲ್ಲಿ ಮುಳುಗಿ ಏಳುವುದನ್ನು ಒಂದು ಧಾರ್ಮಿಕ ಕ್ರಿಯೆ ಅಂತ ಬರೆದ. ನಮ್ಮವರು ಕೆರೆಯಲ್ಲಿ ಕೈ ಅದ್ದುವುದಕ್ಕೆ ಸತ್ಯಾಗ್ರಹ ಮಾಡಬೇಕಾಯಿತು, ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಾಯಿತು.

ಹಳೇ ಮೈಸೂರು ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೆರೆಯ ತೂಬು ಎತ್ತುವ, ಇಳಿಸುವ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವ ಕೆಲಸ ನೀರಗಂಟಿಯದು. ಎಷ್ಟೋ ಊರುಗಳಲ್ಲಿ ಆ ಕೆಲಸ ದಲಿತ ಮನೆತನಗಳದ್ದು. ಏರಿಯಲ್ಲಿ ಎಲ್ಲಿ ನೀರು ಜಿನುಗುತ್ತದೆ, ಯಾವ ಮಳೆಗೆ ಕೋಡಿ ಬೀಳುತ್ತದೆ, ಯಾವ ಹಕ್ಕಿ ಬಂದರೆ ಯಾವ ಕಾಲ ಅಂತ ಬಲ್ಲವನು ಅವನು. ಥೋರೋ ದಾರ ಬಿಟ್ಟು ವಾಲ್ಡನ್ ಕೊಳದ ಆಳ ಅಳೆದದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ತಲೆಮಾರುಗಟ್ಟಲೆ ಕೆರೆಯನ್ನು ಅಳೆದ ನೀರಗಂಟಿ ಯಾವ ಪಾಠದಲ್ಲೂ ಇಲ್ಲ. ಊರಿನ ಗದ್ದೆಗೆಲ್ಲ ನೀರು ಬಿಟ್ಟ ಆ ಕೈ ಊರಿನ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು, ಅದು ಬಿಡುಗಡೆಯೇ. ಆದರೆ ಆ ತಿಳುವಳಿಕೆಗೆ ಇನ್ನೊಂದು ಹೆಸರು, ಇನ್ನೊಂದು ಗೌರವ ಸಿಗಲಿಲ್ಲ. ಬೆಂಗಳೂರಿನಲ್ಲಂತೂ ಕೆರೆಗಳೇ ಹೋದವು: ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಬಡಾವಣೆಗಳು ನುಂಗಿದ ಹಳ್ಳಿಗಳ ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿ ಉಳಿಯಿತು.

7

ಹಾಗಾದರೆ ಸ್ವಾವಲಂಬನೆ ಅನ್ನುವ ವಿಚಾರವನ್ನು ನಾವು ಬಿಟ್ಟುಬಿಡಬೇಕೇ?

ಥೋರೋ ನಮ್ಮ ದೇಶಕ್ಕೆ ಬಂದದ್ದು ಗಾಂಧಿಯ ಮೂಲಕ ಅಂತ ಎಲ್ಲರಿಗೂ ಗೊತ್ತು. ದಕ್ಷಿಣ ಆಫ್ರಿಕದಲ್ಲಿದ್ದಾಗ 1907ರಲ್ಲಿ ತಮ್ಮ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಅವರು ಥೋರೋನ ಅಸಹಕಾರದ ಪ್ರಬಂಧವನ್ನು ಓದುಗರಿಗೆ ಪರಿಚಯ ಮಾಡಿದರು. ಸರಳ ಬದುಕು, ಕೈಕೆಲಸ, ತನ್ನ ಕಾಲ ಮೇಲೆ ನಿಲ್ಲುವ ಹಳ್ಳಿ, ಈ ಕನಸಿಗೂ ವಾಲ್ಡನ್ನಿಗೂ ನೆಂಟಸ್ತನವಿದೆ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಆ ಹಳ್ಳಿಯ ಕನಸನ್ನು ಕಟುವಾಗಿ ಒಡೆದರು. ಸಂಕುಚಿತತೆ, ಅಜ್ಞಾನ, ಕೋಮುಭಾವನೆಯ ಬೀಡು ಅದು ಎಂದರು.

ಆದರೆ ಅಂಬೇಡ್ಕರ್‌ಗೂ ಈ ಅಮೆರಿಕನ್ನರಿಗೂ ಇನ್ನೊಂದು ದಾರಿಯಲ್ಲಿ ಸಂಬಂಧವಿದೆ. ಅದನ್ನು ನಾವು ಹೆಚ್ಚು ಗಮನಿಸಿಲ್ಲ. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಅವರ ಮೇಷ್ಟ್ರು ಜಾನ್ ಡ್ಯೂಯಿ. ಎಮರ್ಸನ್‌ನನ್ನು ಪ್ರಜಾಪ್ರಭುತ್ವದ ತತ್ವಜ್ಞಾನಿ ಅಂತ ಕರೆದು 1903ರಲ್ಲಿ ಲೇಖನ ಬರೆದವನು ಇದೇ ಡ್ಯೂಯಿ. ಆದರೆ ಡ್ಯೂಯಿ ಎಮರ್ಸನ್‌ನ ಒಂಟಿ ಮನುಷ್ಯನನ್ನು ಹಾಗೇ ಬಿಡಲಿಲ್ಲ. ಮನುಷ್ಯ ತಾನಾಗುವುದು ಬೇರೆಯವರೊಡನೆ ಒಡನಾಡುವುದರಿಂದ, ಅನುಭವ ಹಂಚಿಕೊಳ್ಳುವುದರಿಂದ. ಪ್ರಜಾಪ್ರಭುತ್ವ ಅಂದರೆ ಸರ್ಕಾರದ ಒಂದು ಬಗೆ ಮಾತ್ರವಲ್ಲ, ಕೂಡಿ ಬಾಳುವ ಬಗೆ ಎಂದ. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಡ್ಯೂಯಿಯ ಋಣವನ್ನು ಹೆಸರು ಹೇಳಿಯೇ ನೆನೆದಿದ್ದಾರೆ. ಅವರ ಪ್ರಕಾರ ಜಾತಿಯ ದೊಡ್ಡ ಅಪರಾಧ ಈ ಒಡನಾಟವನ್ನೇ ಕಡಿದುಹಾಕಿದ್ದು.

ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಗಾಂಧಿ, ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವದ ನಡುವಿನ ಜಗ್ಗಾಟವಾಗಿ ನೋಡಿದರು. ಆ ಹಾದಿಯಲ್ಲೇ ಮುಂದೆ ಹೋದರೆ ಎಮರ್ಸನ್‌ನ ಸ್ವಾವಲಂಬನೆ ನಮ್ಮಲ್ಲಿ ಎರಡಾಗಿ ಒಡೆದದ್ದು ಕಾಣುತ್ತದೆ. ಥೋರೋನಿಂದ ಗಾಂಧಿಯ ಕಡೆಗೆ ಹೋದದ್ದು ಆತ್ಮಶುದ್ಧಿಯಾಯಿತು: ಇರುವವನು ಬಿಡುವುದು. ಡ್ಯೂಯಿಯಿಂದ ಅಂಬೇಡ್ಕರ್ ಕಡೆಗೆ ಬಂದದ್ದು ಸ್ವಾಭಿಮಾನವಾಯಿತು: ಇಲ್ಲದವನು ಪಡೆಯುವುದು. ಬಿಡುವುದನ್ನು ಒಬ್ಬನೇ ಮಾಡಬಹುದು. ಪಡೆಯುವುದನ್ನು ಒಬ್ಬನೇ ಮಾಡಲಾಗುವುದಿಲ್ಲ. ಅದಕ್ಕೇ ಮಹಾಡಿನಲ್ಲಿ ಸಾವಿರಾರು ಜನ ಬೇಕಾಯಿತು. ಅದಕ್ಕೇ ನಮ್ಮಲ್ಲಿ ಸ್ವಾವಲಂಬನೆಯ ಮೊದಲ ಹೆಜ್ಜೆ ಸಂಘಟನೆ.

8

ಇಲ್ಲಿಗೆ ನಿಲ್ಲಿಸಿದರೆ ದಲಿತನಿಗೆ ಏಕಾಂತ ಬೇಡ, ನಿಸರ್ಗ ಬೇಡ, ಹೋರಾಟ ಒಂದೇ ಸಾಕು ಎಂದ ಹಾಗಾಗುತ್ತದೆ. ದಲಿತ ಸಾಹಿತ್ಯದ ಮೇಲೆ ವಿಮರ್ಶೆ ಹೊರಿಸಿದ ದೊಡ್ಡ ಭಾರ ಇದೇ ಅಂತ ನನಗೆ ಅನ್ನಿಸುತ್ತದೆ. ಬೇರೆಯವರು ಹೂವಿನ ಬಗ್ಗೆ ಬರೆಯಬಹುದು, ನಾವು ಸಿಟ್ಟಿನ ಬಗ್ಗೆ ಮಾತ್ರ ಬರೆಯಬೇಕು!

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ನಾಯಿಗುತ್ತಿಯನ್ನು ನೋಡಿ. ಅವನು ಹೊಲೆಯರವನು, ಹೆಗ್ಗಡೆಯ ಜೀತದಾಳು. ಆದರೆ ಹುಲಿಯ ಎಂಬ ನಾಯಿಯೊಡನೆ ಕಾಡಿನಲ್ಲಿ ನಡೆಯುವಾಗ ಆ ಮಲೆಯನ್ನು ಅವನಷ್ಟು ಬಲ್ಲವರಿಲ್ಲ. ತಿಮ್ಮಿಯನ್ನು ಕರೆದುಕೊಂಡು ಓಡಿಹೋಗಲು ಅವನಿಗೆ ದಾರಿ ಕೊಡುವುದು ಕಾಡು. ಕೊನೆಗೆ ಅವನ ನಾಯಿಯನ್ನು ಕಿತ್ತುಕೊಳ್ಳುವುದು ತುಂಗೆಯ ಪ್ರವಾಹ. ಗುತ್ತಿಯ ನಿಸರ್ಗ ಧ್ಯಾನದ ವಸ್ತುವಲ್ಲ, ತಪ್ಪಿಸಿಕೊಳ್ಳುವ ದಾರಿ, ಕಳೆದುಕೊಳ್ಳುವ ಜಾಗ. ಹಾಗಂತ ಅದರ ಚೆಲುವು ಕಡಿಮೆಯಲ್ಲ.

ಇನ್ನೂ ಹತ್ತಿರದ ಸಾಕ್ಷಿ ಸಿದ್ಧಲಿಂಗಯ್ಯನವರದು (1954–2021). ಅವರ ಆತ್ಮಕಥೆ 'ಊರುಕೇರಿ' ಶುರುವಾಗುವುದು ಒಂದು ಹೊಲದ ನೋಟದಿಂದ. ಮಾಗಡಿ ತಾಲೂಕಿನ ಮಂಚನಬೆಲೆಯ ಹುಡುಗ ನೋಡುತ್ತಾನೆ: ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ಥೋರೋ ತನ್ನ ಹುರುಳಿಕಾಯಿ ಹೊಲದಲ್ಲಿ ಗುದ್ದಲಿ ಹಿಡಿದು ನೆಲದ ಜೊತೆ ಪರಿಚಯ ಮಾಡಿಕೊಂಡ; ಇಲ್ಲಿ ಮನುಷ್ಯನನ್ನೇ ನೆಲಕ್ಕೆ ಕಟ್ಟಲಾಗಿದೆ. ಅದೇ ಹುಡುಗ ಬೆಂಗಳೂರಿಗೆ ಬಂದು ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆಯುತ್ತಾನೆ. ಓದಲು ಜಾಗವಿಲ್ಲ, ಗದ್ದಲ. ಅವರು ಹೋಗಿ ಕೂತದ್ದು ಸ್ಮಶಾನದಲ್ಲಿ. ಅಲ್ಲಿ ಓದಿದರು, ಯೋಚನೆ ಮಾಡಿದರು. ಮನು ಯಾರನ್ನು ಊರ ಹೊರಗೆ, ಹೆಣದ ಬಟ್ಟೆಯ ಜೊತೆ ಇರು ಅಂತ ತಳ್ಳಿದನೋ ಅವನ ಮೊಮ್ಮಗ ಅದೇ ಜಾಗವನ್ನು ತನ್ನ ವಾಲ್ಡನ್ ಮಾಡಿಕೊಂಡ. ಅಲ್ಲಿಂದ ಹೊರಟವನು 'ಹೊಲೆಮಾದಿಗರ ಹಾಡು' (1975) ಬರೆದ. ಆ ಹಾಡುಗಳನ್ನು ಬೀದಿಯಲ್ಲಿ ಸಾವಿರಾರು ಜನ ಹಾಡಿದರು. ಏಕಾಂತ ಮತ್ತು ಸಂಘಟನೆ ಒಂದಕ್ಕೊಂದು ಶತ್ರುಗಳಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದ್ದರಿಂದ ಎಮರ್ಸನ್, ಥೋರೋ ಇಬ್ಬರನ್ನೂ ಓದೋಣ. ಅವರು ಹೇಳಿದ ಏಕಾಂತ ನಮಗೂ ಬೇಕು. ಆದರೆ ಅದು ಒಬ್ಬರ ತಪಸ್ಸು, ಇನ್ನೊಬ್ಬರ ಶಿಕ್ಷೆ ಆಗಿರುವವರೆಗೆ ಅದನ್ನು ನಿಸರ್ಗದ ಕೊಡುಗೆ ಅಂತ ಕರೆಯುವುದು ಸುಳ್ಳು. ಏಕಾಂತವೂ ಭೂಮಿಯ ಹಾಗೆ, ನೀರಿನ ಹಾಗೆ ಹಂಚಿಕೆಯಾಗಬೇಕಾದ ವಸ್ತು.

ಮುಂದಿನ ಭಾನುವಾರ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಕೇಟೋ, ಝಿಲ್ಫಾ, ಬ್ರಿಸ್ಟರ್ ಹೆಸರುಗಳನ್ನು ಅವನು ನೋಟ್ಸಿನಲ್ಲಿ ಬರೆದುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮ ತಾತ ನೀರಗಂಟಿ ಆಗಿದ್ದ ಸಾರ್. ರಾತ್ರಿ ಹೊತ್ತು ತೂಬಿನ ಹತ್ರ ಒಬ್ನೇ ಕೂತಿರ್ತಿದ್ನಂತೆ. ಏನು ಯೋಚ್ನೆ ಮಾಡ್ತಿದ್ದ ಅಂತ ನಾವ್ಯಾರೂ ಕೇಳ್ಲೇ ಇಲ್ಲ."

ಅದನ್ನೇ ಬರಿ ಅಂದೆ.